13 ಸರಿಯೋ, 27 ಸರಿಯೋ? ನಿದ್ರೆಯಲ್ಲಿ ಉಸಿರುಕಟ್ಟುವ ಕಾಯಿಲೆಯ ತೀವ್ರತೆಯನ್ನು ಅಳೆಯುವ ಬಗೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ವಯಸ್ಸು 47, ಎತ್ತರ 168 ಸೆಂ.ಮೀ., ತೂಕ 88 ಕೆ.ಜಿ. ಹಲವು ವರ್ಷಗಳಿಂದ ಜೋರಾಗಿ ಗೊರಕೆ ಹೊಡೆಯುತ್ತೇನೆ, ನಡುನಡುವೆ ಉಸಿರು ನಿಂತುಹೋಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಉತ್ತರ ಪತ್ರಿಕೆ ತಿದ್ದಲು ಕುಳಿತರೆ ತೂಕಡಿಕೆ ಬರುತ್ತದೆ. ಬಿಪಿಗೆ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲೇ ಉಪಕರಣ ಕಟ್ಟಿಕೊಂಡು ಮಾಡಿದ ಮೊದಲ ಪರೀಕ್ಷೆಯಲ್ಲಿ ಉಸಿರಾಟದ ಅಡಚಣೆಗಳು ಗಂಟೆಗೆ 13, ‘ಸೌಮ್ಯ’ ಎಂದು ಬಂತು. ಎರಡು ತಿಂಗಳ ನಂತರ ಬೆಂಗಳೂರಿನ ಸ್ಲೀಪ್ ಲ್ಯಾಬ್‌ನಲ್ಲಿ ರಾತ್ರಿಯಿಡೀ ಮಾಡಿದ ಪರೀಕ್ಷೆಯಲ್ಲಿ 27, ‘ಮಧ್ಯಮ’ ಎಂದು ಬಂದಿದೆ, ಆಮ್ಲಜನಕ ಶೇ. 76ರವರೆಗೆ ಇಳಿದಿತ್ತು ಎಂದೂ ಬರೆದಿದ್ದಾರೆ. ಆದರೆ ನನ್ನ ಸ್ಮಾರ್ಟ್‌ವಾಚ್ ರಾತ್ರಿಯ ಸರಾಸರಿ 94 ಎಂದು ತೋರಿಸುತ್ತದೆ. ನನ್ನ ಭಾವನಿಗೆ 41 ಬಂದಿದ್ದರೂ ಹಗಲಿನಲ್ಲಿ ಅವರಿಗೆ ಯಾವ ತೊಂದರೆಯೂ ಇಲ್ಲ. ನಾನು ಯಾವ ಸಂಖ್ಯೆಯನ್ನು ನಂಬಬೇಕು? ನನ್ನ ಕಾಯಿಲೆ ನಿಜಕ್ಕೂ ಎಷ್ಟು ತೀವ್ರವಾದದ್ದು?

ಉತ್ತರ: ನೀವು ಕಳುಹಿಸಿದ ಎರಡೂ ವರದಿಗಳನ್ನು ಓದಿದ್ದೇನೆ. ಎರಡು ಸಂಖ್ಯೆಗಳೂ ಆಯಾ ರಾತ್ರಿಯ ಮಟ್ಟಿಗೆ ಸರಿಯಾಗಿಯೇ ಇರಬಹುದು. ಆದರೆ ಕಾಯಿಲೆಯ ತೀವ್ರತೆಯನ್ನು ಹೇಳುವ ಶಕ್ತಿ ಆ ಎರಡರಲ್ಲಿ ಯಾವುದಕ್ಕೂ ಒಂಟಿಯಾಗಿ ಇಲ್ಲ. ಹಗಲಿನ ತೂಕಡಿಕೆ, ಎರಡು ಮಾತ್ರೆ ಬೇಡುವ ರಕ್ತದೊತ್ತಡ, ರಾತ್ರಿಯ ಆಮ್ಲಜನಕದ ಕುಸಿತ ಇವೆಲ್ಲವನ್ನೂ ಸೇರಿಸಿ ನೋಡಿದರೆ ನಿಮ್ಮದು ಸೌಮ್ಯ ಎಂದು ಕೈಬಿಡಬಹುದಾದ ಸ್ಥಿತಿಯಲ್ಲ, ಈಗಲೇ ಚಿಕಿತ್ಸೆ ಆರಂಭಿಸಬೇಕಾದ ಸ್ಥಿತಿ. ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ವರದಿಯ ಮೊದಲ ಪುಟದ ದಪ್ಪಕ್ಷರದ ಸಂಖ್ಯೆಯೊಂದನ್ನೇ ನೋಡಿ ನೆಮ್ಮದಿಪಡುವವರೂ ಕಂಗಾಲಾಗುವವರೂ ಬಹಳ ಮಂದಿ ಇದ್ದಾರೆ.

ನಿದ್ರೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಗಂಟಲಿನ ದಾರಿ ಮೊದಲೇ ಕಿರಿದಾಗಿದ್ದವರಲ್ಲಿ, ಅಂದರೆ ಕತ್ತಿನಲ್ಲಿ ಕೊಬ್ಬು ಸೇರಿದವರಲ್ಲಿ, ಕೆಳದವಡೆ ಹಿಂದಕ್ಕೆ ಸರಿದವರಲ್ಲಿ, ಟಾನ್ಸಿಲ್ ಅಥವಾ ನಾಲಿಗೆಯ ಬುಡ ದೊಡ್ಡದಾಗಿರುವವರಲ್ಲಿ, ಉಸಿರೆಳೆದುಕೊಳ್ಳುವಾಗಿನ ಸೆಳೆತಕ್ಕೆ ಆ ದಾರಿ ಕುಸಿದು ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರಿಗಾಗಿ ಹೆಣಗುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಮ್ಲಜನಕ ಇಳಿದು ಮಿದುಳು ಕ್ಷಣಕಾಲ ಎಚ್ಚೆತ್ತಾಗ ದಾರಿ ತೆರೆದುಕೊಳ್ಳುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರಾಟ ಮರಳುತ್ತದೆ, ಮತ್ತೆ ನಿದ್ರೆ, ಮತ್ತೆ ಕುಸಿತ. ಈ ಎಚ್ಚರಗಳು ಬೆಳಿಗ್ಗೆ ಎದ್ದವರಿಗೆ ನೆನಪಿರುವುದಿಲ್ಲ. ನಿಮ್ಮ ಪತ್ನಿ ಕಂಡು ಹೇಳಿದ ಮಾತಿಗೆ ವೈದ್ಯರು ಅಷ್ಟು ಬೆಲೆ ಕೊಡುವುದು ಅದಕ್ಕಾಗಿಯೇ.

ಈಗ ಎಣಿಕೆಗೆ ಬರೋಣ. ಗಾಳಿಯ ಹರಿವು ಕನಿಷ್ಠ 10 ಸೆಕೆಂಡುಗಳ ಕಾಲ ಶೇ. 90 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಅಪ್ನಿಯಾ ಎನ್ನುತ್ತಾರೆ. ಅಷ್ಟೇ ಕಾಲ ಶೇ. 30ರಷ್ಟಾದರೂ ಇಳಿದು, ಜೊತೆಗೆ ಆಮ್ಲಜನಕದ ಮಟ್ಟ ಕುಸಿದರೆ ಅಥವಾ ಮಿದುಳು ಎಚ್ಚೆತ್ತರೆ ಅದು ಹೈಪಾಪ್ನಿಯಾ. ಇವೆರಡರ ಮೊತ್ತವನ್ನು ನಿದ್ರಿಸಿದ ಗಂಟೆಗಳಿಂದ ಭಾಗಿಸಿದಾಗ ಬರುವುದೇ ಎಎಚ್‌ಐ ಎಂಬ ಸೂಚ್ಯಂಕ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮತ್ತು ಮೇಲ್ಪಟ್ಟರೆ ತೀವ್ರ ಎಂಬ ವಿಂಗಡಣೆ ಬಳಕೆಯಲ್ಲಿದೆ. ಕಾಯಿಲೆ ಇದೆ ಎಂದು ಹೇಳಬೇಕಾದರೆ ಸೂಚ್ಯಂಕ 15 ಮುಟ್ಟಿರಬೇಕು, ಇಲ್ಲವೇ 5 ಮುಟ್ಟಿದ್ದು ಜೊತೆಯಲ್ಲಿ ತೂಕಡಿಕೆ, ಉಸಿರುಕಟ್ಟಿ ಎಚ್ಚರವಾಗುವುದು ಮುಂತಾದ ಲಕ್ಷಣಗಳೋ ರಕ್ತದೊತ್ತಡ, ಮಧುಮೇಹ, ಹೃದ್ರೋಗದಂತಹ ಸಂಬಂಧಿತ ಕಾಯಿಲೆಗಳೋ ಇರಬೇಕು. ನಿಮ್ಮ ಮೊದಲ ಪರೀಕ್ಷೆಯ 13 ಕೂಡ ಈ ನಿಯಮದಂತೆ ರೋಗನಿರ್ಣಯಕ್ಕೆ ಸಾಕಾಗುತ್ತಿತ್ತು. ಕಾಯಿಲೆ ಇದೆಯೋ ಇಲ್ಲವೋ ಎಂಬುದರಲ್ಲಿ ನಿಮ್ಮ ಎರಡು ವರದಿಗಳ ನಡುವೆ ಭಿನ್ನಾಭಿಪ್ರಾಯವೇ ಇಲ್ಲ.

ಹಾಗಾದರೆ ಒಬ್ಬರದೇ ದೇಹ, ಎರಡು ತಿಂಗಳಲ್ಲಿ 13 ಮತ್ತು 27 ಬಂದದ್ದು ಹೇಗೆ? ಮೊದಲ ಕಾರಣ ಭಾಜಕದಲ್ಲಿದೆ. ಮನೆಯ ಉಪಕರಣದಲ್ಲಿ ಮೂಗಿನ ನಳಿಕೆ, ಎದೆಯ ಪಟ್ಟಿ, ಬೆರಳಿನ ಆಕ್ಸಿಮೀಟರ್ ಇರುತ್ತವೆ. ಮಿದುಳಿನ ತರಂಗಗಳನ್ನು ದಾಖಲಿಸುವ ತಂತಿಗಳು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ನೀವು ಯಾವಾಗ ನಿದ್ರಿಸಿದಿರಿ, ಯಾವಾಗ ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡಿದಿರಿ ಎಂಬುದು ಅದಕ್ಕೆ ತಿಳಿಯದು. ನಿಮ್ಮ ಮೊದಲ ವರದಿಯಲ್ಲಿ 7.5 ಗಂಟೆಗಳ ದಾಖಲೆಯಲ್ಲಿ 98 ಘಟನೆಗಳಿವೆ, ಭಾಗಿಸಿದರೆ 13. ಆ ರಾತ್ರಿ ನೀವು ನಿಜವಾಗಿ ನಿದ್ರಿಸಿದ್ದು 5.5 ಗಂಟೆ ಮಾತ್ರ ಎಂದಿಟ್ಟುಕೊಂಡರೆ ಅದೇ 98 ಘಟನೆಗಳು ಗಂಟೆಗೆ ಸುಮಾರು 18 ಆಗುತ್ತವೆ, ‘ಸೌಮ್ಯ’ ಎಂದಿದ್ದುದು ‘ಮಧ್ಯಮ’ವಾಗುತ್ತದೆ. ಎರಡನೆಯ ಕಾರಣವೂ ಇದಕ್ಕೆ ಅಂಟಿಕೊಂಡೇ ಇದೆ: ಆಮ್ಲಜನಕ ಹೆಚ್ಚು ಇಳಿಯದೆ, ಮಿದುಳಿನ ಎಚ್ಚರದಲ್ಲಿ ಮುಗಿಯುವ ಹೈಪಾಪ್ನಿಯಾಗಳನ್ನು ಮನೆಯ ಉಪಕರಣ ಗುರುತಿಸಲಾರದು, ಲ್ಯಾಬ್ ಗುರುತಿಸುತ್ತದೆ.

ಮೂರನೆಯದು ಎಣಿಸುವ ನಿಯಮ. ಹೈಪಾಪ್ನಿಯಾಕ್ಕೆ ಆಮ್ಲಜನಕ ಶೇ. 3ರಷ್ಟು ಇಳಿದರೆ ಸಾಕೆಂದು ಒಂದು ನಿಯಮ, ಶೇ. 4ರಷ್ಟು ಇಳಿಯಲೇಬೇಕೆಂದು ಇನ್ನೊಂದು. ಎರಡೂ ಇಂದು ಚಾಲ್ತಿಯಲ್ಲಿವೆ. ಒಂದೇ ರಾತ್ರಿಯ ಒಂದೇ ದಾಖಲೆಯನ್ನು ಈ ಎರಡು ನಿಯಮಗಳಿಂದ ಎಣಿಸಿದರೆ ರೋಗಿ ಒಂದು ವರ್ಗದಿಂದ ಮತ್ತೊಂದಕ್ಕೆ ಜಿಗಿಯುವಷ್ಟು ವ್ಯತ್ಯಾಸ ಬರಬಹುದು. ಯಾವ ನಿಯಮ ಬಳಸಿದ್ದೇವೆಂದು ಪ್ರತಿ ವರದಿಯೂ ಸ್ಪಷ್ಟವಾಗಿ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಮನೆಯ ಪರೀಕ್ಷೆಯ ವರದಿಯಲ್ಲಿ ಅದು ಕಾಣುವುದಿಲ್ಲ. ಎಣಿಕೆಯನ್ನು ಯಂತ್ರವೇ ಮಾಡಿತೋ, ತರಬೇತಾದ ತಂತ್ರಜ್ಞರು ದಾಖಲೆಯನ್ನು ತೆರೆದು ಪರಿಶೀಲಿಸಿದರೋ ಎಂಬುದೂ ಅದರಲ್ಲಿಲ್ಲ. ಕಂಪ್ಯೂಟರ್ ತಾನೇ ಎಣಿಸಿ ಕೊಟ್ಟ ಪುಟಕ್ಕೆ ಯಾರೂ ಕಣ್ಣು ಹಾಯಿಸದೆ ಸಹಿ ಹಾಕಿ ಕೊಡುವ ಪದ್ಧತಿ ನಿಲ್ಲಬೇಕು.

ಕೊನೆಯ ಕಾರಣವೇ ನಿಮ್ಮ ವಿಷಯದಲ್ಲಿ ಬಹುಮುಖ್ಯವೆಂದು ನನಗನ್ನಿಸುತ್ತದೆ. ಲ್ಯಾಬ್ ವರದಿಯ ಮೂರನೆಯ ಪುಟದಲ್ಲಿ ಅಂಗಾತ ಮಲಗಿದಾಗ ಗಂಟೆಗೆ 46, ಮಗ್ಗುಲಾಗಿ ಮಲಗಿದಾಗ 11 ಎಂದಿದೆ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಮೈತುಂಬ ತಂತಿ ಅಂಟಿಸಿಕೊಂಡವರು ಹೊರಳಲು ಅಂಜಿ ಅಂಗಾತವೇ ಮಲಗುವುದು ಸಾಮಾನ್ಯ; ಆ ರಾತ್ರಿ ನೀವು ನಿದ್ರೆಯ ಹೆಚ್ಚುಕಡಿಮೆ ಅರ್ಧ ಭಾಗ ಹಾಗೆಯೇ ಇದ್ದಿರಿ. ಮನೆಯಲ್ಲಿ ಬಹುಪಾಲು ಮಗ್ಗುಲಲ್ಲೇ ಮಲಗಿದ್ದರೆ ಕಡಿಮೆ ಸಂಖ್ಯೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರದಿಯಲ್ಲಿ ರೆಮ್ ನಿದ್ರೆಯ, ಅಂದರೆ ಕನಸುಗಳು ದಟ್ಟವಾಗಿ ಬರುವ ಹಂತದ, ಸಂಖ್ಯೆಯೂ ಉಳಿದ ಹಂತಗಳಿಗಿಂತ ಹೆಚ್ಚಾಗಿದೆ. ಆ ಹಂತದಲ್ಲಿ ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಇವುಗಳ ಜೊತೆಗೆ ಹಿಂದಿನ ಸಂಜೆಯ ಮದ್ಯ, ನಿದ್ರೆ ಮಾತ್ರೆ, ನೆಗಡಿಯಿಂದ ಕಟ್ಟಿದ ಮೂಗು ಇವೂ ರಾತ್ರಿಯಿಂದ ರಾತ್ರಿಗೆ ಲೆಕ್ಕವನ್ನು ಏರುಪೇರು ಮಾಡುತ್ತವೆ.

ಇಷ್ಟು ಹೇಳಿದ ಮೇಲೂ ಎಎಚ್‌ಐ ಕೇವಲ ಒಂದು ಎಣಿಕೆ ಎಂಬುದು ಉಳಿಯುತ್ತದೆ. 10 ಸೆಕೆಂಡು ಉಸಿರು ನಿಂತದ್ದೂ ಒಂದು, 60 ಸೆಕೆಂಡು ನಿಂತದ್ದೂ ಒಂದು. ಆಮ್ಲಜನಕ 97ರಿಂದ 93ಕ್ಕೆ ಇಳಿದದ್ದೂ ಒಂದು, 70ಕ್ಕೆ ಇಳಿದದ್ದೂ ಒಂದು. ಎಷ್ಟು ದಿನ ಮಳೆ ಬಂತೆಂದು ಎಣಿಸಿ, ಎಷ್ಟು ಮಿಲಿಮೀಟರ್ ಬಿತ್ತೆಂದು ಅಳೆಯದೆ ಬಿಟ್ಟಂತಹ ಲೆಕ್ಕವಿದು. ಈ ವಿಂಗಡಣೆಗೆ ಆಧಾರವಾದ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯ ಕಾರ್ಯಪಡೆಯ 1999ರ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ತೀವ್ರತೆಗೆ ಎರಡು ಮುಖಗಳಿವೆ, ಒಂದು ರಾತ್ರಿಯ ಉಸಿರಾಟದ ಎಣಿಕೆ, ಮತ್ತೊಂದು ಹಗಲಿನ ನಿದ್ರಾಲುತನ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದಾಗಿದೆಯೋ ಅದರಂತೆ ರೋಗಿಯನ್ನು ವರ್ಗೀಕರಿಸಬೇಕು ಎಂದು ಅದು ಹೇಳಿತ್ತು. ಸಂಖ್ಯೆಯನ್ನು ಮುದ್ರಿಸುವುದು ಸುಲಭ, ರೋಗಿಯನ್ನು ಕೂರಿಸಿ ವಿಚಾರಿಸುವುದಕ್ಕೆ ಸಮಯ ಬೇಕು. ಹಾಗಾಗಿ ಆ ಎರಡನೆಯ ಅರ್ಧ ದಿನಬಳಕೆಯಲ್ಲಿ ಮರೆತೇಹೋಯಿತು. ಯುರೋಪಿನ ತಜ್ಞರು ಈಚೆಗೆ ಮುಂದಿಟ್ಟಿರುವ ಬಾವೆನೋ ವರ್ಗೀಕರಣವು ಲಕ್ಷಣಗಳನ್ನೂ ಜೊತೆಗಿರುವ ಕಾಯಿಲೆಗಳನ್ನೂ ಮುಂದಕ್ಕೆ ತಂದು ಈ ಕೊರತೆಯನ್ನು ತುಂಬಲು ಯತ್ನಿಸುತ್ತಿದೆ.

ಆದ್ದರಿಂದ ನಿಮ್ಮ ಹಗಲನ್ನು ನೋಡೋಣ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ ಎಪ್‌ವರ್ತ್ ಪ್ರಶ್ನಾವಳಿಯಲ್ಲಿ ಎಂಟು ಸನ್ನಿವೇಶಗಳಿವೆ. ಕುಳಿತು ಓದುವಾಗ, ಟಿವಿ ನೋಡುವಾಗ, ಒಂದು ಗಂಟೆ ಪ್ರಯಾಣಿಕರಾಗಿ ವಾಹನದಲ್ಲಿ ಕುಳಿತಾಗ, ಹೀಗೆ ಪ್ರತಿಯೊಂದರಲ್ಲೂ ತೂಕಡಿಸುವ ಸಂಭವಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು 24ರಲ್ಲಿ 10 ದಾಟಿದರೆ ನಿದ್ರಾಲುತನ ಮಿತಿಮೀರಿದೆ ಎಂದರ್ಥ. ನೀವು ತುಂಬಿದ ಪ್ರತಿಯಲ್ಲಿ 15 ಇದೆ. ನಮ್ಮಲ್ಲಿ ಊಟದ ನಂತರ ಒಂದು ನಿದ್ದೆ ತೆಗೆಯುವುದು, ಬಸ್ಸು ಹತ್ತಿದೊಡನೆ ಕಣ್ಣು ಮುಚ್ಚುವುದು ಹಲವರ ಅಭ್ಯಾಸವಾದ್ದರಿಂದ ಈ ಅಂಕವನ್ನು ಸ್ವಲ್ಪ ವಿಚಾರಿಸಿಯೇ ಸ್ವೀಕರಿಸಬೇಕು. ಆದರೆ ಯಾರೊಂದಿಗೋ ಕುಳಿತು ಮಾತನಾಡುವಾಗಲೂ ತೂಕಡಿಕೆ ಬರುತ್ತದೆ ಎಂದು ನೀವು ಗುರುತು ಹಾಕಿದ್ದೀರಿ, ಅದನ್ನು ಅಭ್ಯಾಸವೆಂದು ತಳ್ಳಿಹಾಕಲಾಗದು. ಎಪ್‌ವರ್ತ್ ಅಂಕಕ್ಕೂ ಎಎಚ್‌ಐಗೂ ಇರುವ ನಂಟು ದುರ್ಬಲವಾದದ್ದು ಎಂಬುದು ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ನಿಮಗೆ 27ರಲ್ಲಿ ಇಷ್ಟು ತೂಕಡಿಕೆ ಇದ್ದು, ನಿಮ್ಮ ಭಾವನಿಗೆ 41ರಲ್ಲಿ ಏನೂ ಇಲ್ಲದಿರುವುದು ಅಪರೂಪವೇನಲ್ಲ.

ಹಾಗೆಂದು ಭಾವನವರು ನಿಶ್ಚಿಂತೆಯಿಂದ ಇರಬಹುದೇ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನಸಾಮಾನ್ಯರನ್ನು 18 ವರ್ಷ ಹಿಂಬಾಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ತೀವ್ರ ವರ್ಗದವರಲ್ಲಿ ಸಾವಿನ ಅಪಾಯ ಸುಮಾರು ಮೂರು ಪಟ್ಟು ಇತ್ತು. ತೂಕಡಿಕೆ ಇತ್ತೋ ಇಲ್ಲವೋ ಎಂಬುದು ಆ ಅಪಾಯವನ್ನು ಬದಲಿಸಲಿಲ್ಲ. ಇನ್ನೊಂದೆಡೆ, 2016ರಲ್ಲಿ ಪ್ರಕಟವಾದ ಸೇವ್ ಪ್ರಯೋಗದಲ್ಲಿ ಹೃದಯ ಅಥವಾ ಮಿದುಳಿನ ರಕ್ತನಾಳಗಳ ಕಾಯಿಲೆ ಮೊದಲೇ ಇದ್ದ 2,700ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡಿದ್ದರು, ವಿಪರೀತ ತೂಕಡಿಕೆ ಇದ್ದವರನ್ನು ಬಿಟ್ಟಿದ್ದರು. ಅಲ್ಲಿ ಸಿಪ್ಯಾಪ್ ಯಂತ್ರ (ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ತಡೆಯುವ ಯಂತ್ರ) ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದನ್ನೂ ಮರೆಯಬಾರದು. ನಿಮ್ಮ ಭಾವನಿಗೆ ನನ್ನ ಸಲಹೆ ಇಷ್ಟು: ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿಕೊಂಡು, ವರದಿಯ ಆಮ್ಲಜನಕದ ಪುಟವನ್ನು ತಜ್ಞರಿಗೆ ತೋರಿಸಿ ತೀರ್ಮಾನಿಸಲಿ, ತೂಕಡಿಕೆ ಇಲ್ಲ ಎಂಬ ಒಂದೇ ಕಾರಣಕ್ಕೆ ವರದಿಯನ್ನು ಬೀರುವಿನಲ್ಲಿ ಇಡದಿರಲಿ.

ಆಮ್ಲಜನಕದ ಪುಟವೆಂದರೆ ಯಾವುದು? ಬಹುತೇಕರ ಕಣ್ಣು ಅತಿ ಕಡಿಮೆಯ ಮಟ್ಟದ ಮೇಲೆ, ನಿಮ್ಮಲ್ಲಿ 76ರ ಮೇಲೆ, ಬೀಳುತ್ತದೆ. ಆದರೆ ಅದು ಒಂದು ಕ್ಷಣದ ಅಳತೆ; ಬೆರಳಿನ ಸಂವೇದಕ ಜಾರಿದ್ದರೂ ಅಂತಹ ಸಂಖ್ಯೆ ಬರಬಹುದು. ನಾನು ಮೊದಲು ನೋಡುವುದು ಆಮ್ಲಜನಕ ಶೇ. 90ಕ್ಕಿಂತ ಕೆಳಗೆ ಇದ್ದ ಒಟ್ಟು ಕಾಲವನ್ನು. ನಿಮ್ಮಲ್ಲಿ ಅದು ನಿದ್ರೆಯ ಶೇ. 9, ಅಂದರೆ ಆರು ಗಂಟೆಗಳಲ್ಲಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು. ಇದು ಕ್ಷಣಿಕ ಜಾರುವಿಕೆಯಲ್ಲ, ನಿಜವಾದ ಕೊರತೆ. ಪ್ರತಿ ಕುಸಿತದ ಆಳವನ್ನೂ ಅವಧಿಯನ್ನೂ ಕೂಡಿಸಿ ಲೆಕ್ಕ ಹಾಕುವ ವಿಧಾನವೊಂದನ್ನು ಸಂಶೋಧಕರು ರೂಪಿಸಿದ್ದಾರೆ. ಹೃದ್ರೋಗದಿಂದಾಗುವ ಸಾವನ್ನು ಮುನ್ಸೂಚಿಸುವುದರಲ್ಲಿ ಅದು ಎಎಚ್‌ಐಗಿಂತ ಮೇಲೆಂದು 2019ರ ಅಧ್ಯಯನವೊಂದು ತೋರಿಸಿದೆ. ಸಾಮಾನ್ಯ ವರದಿಗಳಲ್ಲಿ ಅದು ಇನ್ನೂ ಕಾಣಿಸುವುದಿಲ್ಲವಾದ್ದರಿಂದ ಸದ್ಯಕ್ಕೆ 90ರ ಕೆಳಗಿನ ಕಾಲವೇ ನಮಗೆ ಆಧಾರ.

ಸ್ಮಾರ್ಟ್‌ವಾಚಿನ 94ರ ಬಗ್ಗೆ ಕೇಳಿದ್ದೀರಿ. ಗಂಟೆಗೆ 27 ಬಾರಿ ಆಮ್ಲಜನಕ ಇಳಿದು ಏರಿದರೂ ಏರಿದ ಹೊತ್ತುಗಳು ಸೇರಿ ಸರಾಸರಿಯನ್ನು ಮೇಲೆ ಹಿಡಿದಿರುತ್ತವೆ. ಮಣಿಕಟ್ಟಿನ ಅಳತೆ ಬೆರಳಿನದರಷ್ಟು ನಂಬಿಕೆಗೆ ಅರ್ಹವೂ ಅಲ್ಲ. ವಾಚ್ ಅನುಮಾನ ಹುಟ್ಟಿಸಿದರೆ ಪರೀಕ್ಷೆ ಮಾಡಿಸಿಕೊಳ್ಳಿ. ವಾಚ್ ಚೆನ್ನಾಗಿದೆ ಎಂದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಪರೀಕ್ಷೆಯನ್ನು ಆಯ್ದುಕೊಳ್ಳುವ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಟೊರೊಂಟೊದಲ್ಲಿ ರೂಪುಗೊಂಡು 2008ರಿಂದ ಬಳಕೆಗೆ ಬಂದ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯಲ್ಲಿ ಗೊರಕೆ, ದಣಿವು, ಬೇರೆಯವರು ಕಂಡ ಉಸಿರುಕಟ್ಟುವಿಕೆ, ರಕ್ತದೊತ್ತಡ, 35 ದಾಟಿದ ಬಿಎಂಐ, 50 ದಾಟಿದ ವಯಸ್ಸು, 40 ಸೆಂ.ಮೀ. ಮೀರಿದ ಕತ್ತಿನ ಸುತ್ತಳತೆ, ಪುರುಷ ಎಂಬಿವುಗಳಿಗೆ ಒಂದೊಂದು ಅಂಕ. ನಿಮ್ಮ ಬಿಎಂಐ ಸುಮಾರು 31, ಕತ್ತು 42 ಸೆಂ.ಮೀ.; ಒಟ್ಟು 6 ಅಂಕ. 5 ಅಥವಾ ಹೆಚ್ಚಿದ್ದರೆ ಕಾಯಿಲೆಯ ಸಂಭವ ಹೆಚ್ಚು. ಏಷ್ಯಾದವರಲ್ಲಿ ಕಡಿಮೆ ತೂಕದಲ್ಲೇ ಈ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಬಿಎಂಐ ಗೆರೆಯನ್ನು ನಮ್ಮವರಿಗೆ ಇನ್ನೂ ಕೆಳಗೆ ಎಳೆಯಬೇಕೆನ್ನುವವರ ಮಾತು ನನಗೂ ಒಪ್ಪಿಗೆ. ಆದರೆ ಇಂತಹ ಪಟ್ಟಿಗಳು ಯಾರನ್ನು ಪರೀಕ್ಷೆಗೆ ಕಳುಹಿಸಬೇಕೆಂದು ಹೇಳುತ್ತವೆಯೇ ಹೊರತು ರೋಗನಿರ್ಣಯ ಮಾಡುವುದಿಲ್ಲ. ಅದಕ್ಕೆ ರಾತ್ರಿಯ ದಾಖಲೆ ಬೇಕೇ ಬೇಕು.

ಸಂಭವ ಹೆಚ್ಚಿದ್ದು ಬೇರೆ ತೊಡಕುಗಳಿಲ್ಲದ ವಯಸ್ಕರಿಗೆ ಮನೆಯ ಪರೀಕ್ಷೆ ಒಳ್ಳೆಯ ಆರಂಭ. ತಾಲ್ಲೂಕು ಕೇಂದ್ರದಿಂದ ಬೆಂಗಳೂರಿಗೆ ಬಂದು ಒಂದು ರಾತ್ರಿ ಕಳೆಯುವುದು ಸುಲಭವಲ್ಲವೆಂದು ಬಲ್ಲವರು ಅದನ್ನು ಹಗುರವಾಗಿ ಕಾಣಬಾರದು. ಆದರೆ ಕನಿಷ್ಠ 4 ಗಂಟೆಗಳ ಸ್ವಚ್ಛ ದಾಖಲೆ ಸಿಗದಿದ್ದರೆ, ಅಥವಾ ಲಕ್ಷಣಗಳು ಬಲವಾಗಿದ್ದೂ ಫಲಿತಾಂಶ ಸಹಜವೆಂದು ಬಂದರೆ, ಅಲ್ಲಿಗೆ ನಿಲ್ಲಿಸದೆ ಲ್ಯಾಬ್‌ನ ಪೂರ್ಣ ಪರೀಕ್ಷೆ ಮಾಡಿಸಬೇಕು. ಹೃದಯ ವೈಫಲ್ಯ, ತೀವ್ರ ಶ್ವಾಸಕೋಶದ ಕಾಯಿಲೆ, ಸ್ನಾಯು ದೌರ್ಬಲ್ಯ, ಹಿಂದೆ ಪಾರ್ಶ್ವವಾಯು ಆದವರು, ಅಫೀಮು ವರ್ಗದ ನೋವುನಿವಾರಕ ಸೇವಿಸುವವರು ಇವರೆಲ್ಲ ಮೊದಲಿಗೇ ಲ್ಯಾಬ್‌ಗೆ ಹೋಗಬೇಕು. ಅವರಲ್ಲಿ ಗಂಟಲು ತೆರೆದೇ ಇದ್ದು ಮಿದುಳು ಉಸಿರಾಟದ ಆಜ್ಞೆಯನ್ನೇ ನಿಲ್ಲಿಸುವ ಬಗೆಯ ಕಾಯಿಲೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ನಿಮ್ಮ ವರದಿಯಲ್ಲಿ ಉಸಿರು ನಿಂತಾಗಲೆಲ್ಲ ಎದೆ ಹೊಟ್ಟೆಯ ಪಟ್ಟಿಗಳು ಚಲಿಸುತ್ತಲೇ ಇದ್ದವು. ಆದ್ದರಿಂದ ಅಡಚಣೆ ಗಂಟಲಲ್ಲೇ ಎಂಬುದರಲ್ಲಿ ಸಂಶಯವಿಲ್ಲ.

ಮಹಿಳಾ ಓದುಗರಿಗಾಗಿ ಒಂದು ಮಾತು: ಸ್ತ್ರೀಯರಲ್ಲಿ ಈ ಕಾಯಿಲೆ ಗೊರಕೆಗಿಂತ ಹೆಚ್ಚಾಗಿ ನಿದ್ರಾಹೀನತೆ, ದಣಿವು, ಬೆಳಗಿನ ತಲೆನೋವಾಗಿ ಕಾಣಿಸಬಹುದು, ಮುಟ್ಟು ನಿಂತ ಮೇಲೆ ಅದರ ಸಂಭವ ಏರುತ್ತದೆ. ಮಕ್ಕಳ ಅಳತೆಗೋಲೂ ಬೇರೆ, ಅವರಲ್ಲಿ ಗಂಟೆಗೆ ಒಂದು ಘಟನೆಯೂ ಅಸಹಜವೇ.

ಇನ್ನು ನೀವು ಮಾಡಬೇಕಾದದ್ದು. ಲ್ಯಾಬ್ ವರದಿಯ ಎಲ್ಲ ಪುಟಗಳನ್ನೂ ಹಿಡಿದುಕೊಂಡು ಶ್ವಾಸಕೋಶ ಅಥವಾ ನಿದ್ರಾ ತಜ್ಞರನ್ನು ಕಾಣಿ. ಥೈರಾಯ್ಡ್ ಪರೀಕ್ಷೆಯನ್ನೂ ರಕ್ತದ ಬೈಕಾರ್ಬನೇಟ್ ಪರೀಕ್ಷೆಯನ್ನೂ ಮಾಡಿಸಿ. ಬೈಕಾರ್ಬನೇಟ್ ಲೀಟರಿಗೆ 27 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಸ್ಥೂಲಕಾಯದಿಂದ ಹಗಲಿನಲ್ಲೂ ಉಸಿರಾಟ ಕುಂದಿದೆಯೇ ಎಂದು ಮುಂದಿನ ತಪಾಸಣೆ ಬೇಕಾಗುತ್ತದೆ. ಮೂಗು, ಗಂಟಲು, ದವಡೆಯನ್ನು ಇಎನ್‌ಟಿ ವೈದ್ಯರು ಒಮ್ಮೆ ನೋಡಲಿ. ಇಷ್ಟು ತೂಕಡಿಕೆ ಇರುವ ನಿಮಗೆ ಸಿಪ್ಯಾಪ್ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಮಗ್ಗುಲಾಗಿ ಮಲಗುವುದು ಅದಕ್ಕೆ ನೆರವಾಗುತ್ತದೆ, ಆದರೆ ಮಗ್ಗುಲಲ್ಲೂ 11 ಉಳಿದಿರುವುದರಿಂದ ಅದೊಂದೇ ಸಾಲದು. ತೂಕ ಇಳಿಸುವ ಪ್ರಯತ್ನ ಜೊತೆಗೇ ಸಾಗಲಿ. ಚಿಕಿತ್ಸೆ ಹಿಡಿದು ತೂಕಡಿಕೆ ತಗ್ಗುವವರೆಗೆ ದೂರದ ದಾರಿಯಲ್ಲಿ, ಅದರಲ್ಲೂ ರಾತ್ರಿ ಮತ್ತು ನಸುಕಿನಲ್ಲಿ, ದಯವಿಟ್ಟು ವಾಹನ ಓಡಿಸಬೇಡಿ. ನಿಮ್ಮ ಪತ್ರದಲ್ಲಿ ನೀವು ಕೇಳದಿದ್ದರೂ ನನಗೆ ಅತಿ ಹೆಚ್ಚು ಆತಂಕ ತಂದ ವಿಷಯ ಇದೇ. ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಬಂದರೆ ಅರಿವಳಿಕೆ ವೈದ್ಯರಿಗೆ ಈ ವರದಿಯನ್ನು ತೋರಿಸಿ. ಚಿಕಿತ್ಸೆ ಆರಂಭವಾಗಿ ಕೆಲವು ವಾರಗಳಾದ ಮೇಲೆ ಯಂತ್ರ ತಾನೇ ದಾಖಲಿಸುವ ಉಳಿಕೆ ಎಎಚ್‌ಐ, ಬಳಸಿದ ಗಂಟೆಗಳು, ಹೊಸದಾಗಿ ತುಂಬಿದ ಎಪ್‌ವರ್ತ್ ಅಂಕ, ಮನೆಯಲ್ಲಿ ಬರೆದಿಟ್ಟ ಬಿಪಿ ಅಳತೆಗಳು ಈ ನಾಲ್ಕನ್ನೂ ಒಟ್ಟಿಗೆ ವೈದ್ಯರ ಮುಂದಿಡಿ. ಬಿಪಿ ಮಾತ್ರೆಗಳಲ್ಲಿ ಏನಾದರೂ ಬದಲಾವಣೆ ಬೇಕೇ ಎಂಬುದನ್ನು ಅವರು ಆಗ ನಿರ್ಧರಿಸುತ್ತಾರೆ.